ನಾಳೆಯ ತಾರೀಖಿನ ದಾಖಲೆ

ಅಫಜಲಪುರದ ಗುಮಾಸ್ತರಿಗೆ ಕಂಪ್ಯೂಟರಿನ ತಾರೀಖು ಬದಲಾಯಿಸುವುದನ್ನು ಕಲಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೇಳಬೇಕಾಗಿದ್ದ ದಿನ ನಾನು ಹೇಳಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಗುಲಬರ್ಗಾದಲ್ಲಿ ಒಂದು ಮಹಡಿ ಕೋಣೆ ಹಿಡಿದು ಹುಡುಗರಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದೆ, ಜೊತೆಗೆ ಅಂಗಡಿಯವರಿಗೆ ಬೇಕಾದ ಪ್ರೋಗ್ರಾಂ ಬರೆದುಕೊಡುತ್ತಿದ್ದೆ. ವಯಸ್ಸು ಇಪ್ಪತ್ತೆಂಟು. ಬೆಳೆದದ್ದು ಬುದ್ಧಿಯಲ್ಲ, ಕೊಂಬು. ಒಂದು ದಿನ ಆಳಂದದ ಸಾವಕಾರರೊಬ್ಬರು ಹೇಳಿಕಳಿಸಿದರು. ಅವರದು ಮದುವೆ ಸಾಮಾನು ಬಾಡಿಗೆಗೆ ಕೊಡುವ ವ್ಯಾಪಾರ. ಪೆಂಡಾಲು, ಜಮಖಾನೆ, ಹುಗ್ಗಿ ಕುದಿಸುವ ಕೊಪ್ಪರಿಗೆ, ಪರಾತ, ಸಾವಿರ ಜನರಿಗೆ ಸಾಲುವಷ್ಟು ತಾಟು. ಇಷ್ಟೂ ಸೇರಿ ಒಂದು ದೊಡ್ಡ ಸೆಟ್ಟು. ಅಂಥ ಸೆಟ್ಟು ಆರು ಇದ್ದವು. ಗೋದಾಮು ಆಳಂದದಲ್ಲಿ ಒಂದೇ, ಅಂಗಡಿ ಮಾತ್ರ ಮೂರು: ಆಳಂದ, ಅಫಜಲಪುರ, ಜೇವರ್ಗಿ.

ಮುಹೂರ್ತ ಎಂಬುದು ಎಲ್ಲ ಊರಿಗೂ ಒಂದೇ ದಿನ ಬರುತ್ತದೆ. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯವರು ಕೇಳುವುದೂ ಅದೇ ದಿನ, ಜೇವರ್ಗಿಯವರು ಕೇಳುವುದೂ ಅದೇ ದಿನ. ಮೂರು ಅಂಗಡಿಯಲ್ಲಿ ಮೂರು ವಹಿ ಇದ್ದವು. ಗಿರಾಕಿ ಬಂದರೆ ಆಳಂದಕ್ಕೆ ಫೋನು ಹಚ್ಚಿ, ಆ ದಿನ ಯಾವ ಸೆಟ್ಟು ಖಾಲಿ ಇದೆ ಎಂದು ಕೇಳಿ, ಆಮೇಲೆ ಬರೆದುಕೊಳ್ಳಬೇಕು. ಫೋನು ಹತ್ತದಿದ್ದರೆ ಗಿರಾಕಿ ಎದ್ದು ಹೋಗುತ್ತಾನೆ.

"ಮೂರೂ ಕಡೆ ಒಂದೇ ವಹಿ ಕಾಣಬೇಕ್ರಿ," ಎಂದರು ಸಾವಕಾರರು. "ಯಾರು ಎಲ್ಲಿ ಕುಂತು ಬರದ್ರೂ ಎಲ್ಲಾರಿಗೂ ಕಾಣಬೇಕು. ಆಗ್ತದೋ ಇಲ್ಲೋ, ಅಷ್ಟೇ ಹೇಳ್ರಿ."

"ಆಗ್ತದ್ರಿ," ಎಂದೆ. ಹೇಗೆ ಎಂದು ಯೋಚಿಸಿದ್ದು ವಾಪಸು ಬರುವ ಬಸ್ಸಿನಲ್ಲಿ.

ಒಂದು ಸೆಟ್ಟಿಗೆ ಒಂದು ದಿನಕ್ಕೆ ಒಂದು ದಾಖಲೆ, ಹಾಗೆ ಕಡತ ಕಟ್ಟಿದೆ. ದಾಖಲೆ ಖಾಲಿ ಇರಬೇಕು, ಇಲ್ಲವೇ ಒಬ್ಬ ಗಿರಾಕಿಯ ಹೆಸರು ಇರಬೇಕು. ಆಳಂದದಲ್ಲಿ ಎರಡು ಕಂಪ್ಯೂಟರು ಇಟ್ಟೆವು. ಒಂದು ಮುಂದೆ ಹಣದ ಗಲ್ಲೆಯ ಹತ್ತಿರ, ಇನ್ನೊಂದು ಹಿಂದೆ ಗೋದಾಮಿನಲ್ಲಿ, ಎರಡಕ್ಕೂ ನಡುವೆ ಕಪ್ಪು ಕೇಬಲ್ಲು. ಕಡತ ಇದ್ದದ್ದು ಗಲ್ಲೆಯ ಯಂತ್ರದಲ್ಲಿ. ಒಬ್ಬರು ದಾಖಲೆ ತೆರೆದರೆ ಅದಕ್ಕೆ ಬೀಗ ಬೀಳುತ್ತಿತ್ತು, ಇನ್ನೊಬ್ಬರು ಅದನ್ನು ಮುಟ್ಟುವಂತಿರಲಿಲ್ಲ. ಮೊದಲ ವಾರವೇ ಗೋದಾಮಿನವನು ದಾಖಲೆ ತೆರೆದಿಟ್ಟು ಚಹಾ ಕುಡಿಯಲು ಹೋದ. ಇತ್ತ ಗಲ್ಲೆಯ ಮುಂದೆ ಗಿರಾಕಿಗಳು ಅರ್ಧ ಗಂಟೆ ಕಾದರು. ಎರಡು ನಿಮಿಷ ಯಾರೂ ಏನೂ ಒತ್ತದಿದ್ದರೆ ಬೀಗ ತಾನೇ ಬಿಚ್ಚಿಕೊಳ್ಳುವಂತೆ ಮಾಡಿದೆ. ಆಮೇಲೆ ಇಲಿ ಕೇಬಲ್ಲು ಕಡಿಯಿತು, ಕಬ್ಬಿಣದ ಕೊಳವೆಯೊಳಗೆ ಎಳೆಸಿದೆ. ಕರೆಂಟು ಹೋದಾಗಲೆಲ್ಲ ಕಡತದ ಸೂಚಿ, ಅಂದರೆ ಯಾವ ದಾಖಲೆ ಎಲ್ಲಿದೆ ಎಂಬ ಪಟ್ಟಿ, ಕೆಡುತ್ತಿತ್ತು; ಬೆಳಿಗ್ಗೆ ಯಂತ್ರ ಹಚ್ಚಿದ ಕೂಡಲೇ ಸೂಚಿಯನ್ನು ಹೊಸದಾಗಿ ಕಟ್ಟಿಕೊಳ್ಳುವಂತೆ ಬರೆದೆ. ಇಷ್ಟು ಮಾಡಿದ ಮೇಲೆ ಆಳಂದದೊಳಗಿನ ಹಂಚಿಕೆ ಸುಸೂತ್ರವಾಯಿತು.

ಕಷ್ಟವಿದ್ದದ್ದು ದೂರದ ಎರಡು ಊರುಗಳಲ್ಲಿ. ಅಲ್ಲಿಗೆ ಕೇಬಲ್ಲು ಎಳೆಯಲಾಗದು. ಎರಡೂ ಕಡೆ ಕಡತದ ಒಂದೊಂದು ನಕಲು ಇಟ್ಟು, ದಿನಾ ಮಧ್ಯಾಹ್ನ ಮೂರಕ್ಕೆ ಆಳಂದದ ಯಂತ್ರ ಫೋನಿನ ಮೇಲೆ ಮೊಡೆಮ್ ಹಚ್ಚಿ ಅವರನ್ನು ಕೂಗುವುದು, ಅವರ ಬದಲಾವಣೆ ತರುವುದು, ಇವರದನ್ನು ಕೊಡುವುದು. ಜೋರು ಗಾಳಿ ಬಿಟ್ಟರೆ ಲೈನು ಹರಿಯುತ್ತಿತ್ತು. ಲೈನು ಹರಿದ ದಿನ ಫ್ಲಾಪಿಯನ್ನು ಸಾಬೂನಿನ ಡಬ್ಬಿಯಲ್ಲಿಟ್ಟು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದರು.

ಈಗ ಮುಖ್ಯ ಪ್ರಶ್ನೆ ಉಳಿಯಿತು. ಮೂರು ಗಂಟೆಗೆ ಎರಡು ನಕಲು ಎದುರುಬದುರಾದಾಗ ಒಂದೇ ದಾಖಲೆ ಇಲ್ಲೊಂದು ಥರ, ಅಲ್ಲೊಂದು ಥರ ಇದ್ದರೆ ಯಾವುದು ನಿಜ? ಸರಿಯಾದ ದಾರಿ ನನಗೆ ಗೊತ್ತಿತ್ತು. ಪ್ರತಿ ಬದಲಾವಣೆಗೂ ಆಳಂದವೇ ಸರಣಿ ಸಂಖ್ಯೆ ಕೊಡಬೇಕು. ಹಳೆಯ ಸಂಖ್ಯೆ ನೋಡಿ ಬದಲಾಯಿಸಿದ ದಾಖಲೆ ಬಂದರೆ ಒಪ್ಪದೆ ಪಕ್ಕಕ್ಕಿಟ್ಟು ಮನುಷ್ಯರನ್ನು ಕೇಳಬೇಕು. ಆದರೆ ಅದಕ್ಕೆ ಇನ್ನೂ ಹತ್ತು ದಿನದ ಕೆಲಸ ಹಿಡಿಯುತ್ತಿತ್ತು. ಲಗ್ನದ ಹಂಗಾಮು ತಲೆಯ ಮೇಲೆ ಕುಳಿತಿತ್ತು. ನಾನು ಒಂದೇ ಸಾಲಿನ ನಿಯಮ ಬರೆದೆ: ಪ್ರತಿ ದಾಖಲೆಯ ಮೇಲೆ ಬದಲಾಯಿಸಿದ ತಾರೀಖು ಮತ್ತು ವೇಳೆ ಇರುತ್ತದೆ, ಯಾವುದು ಈಚಿನದೋ ಅದೇ ನಿಜ. ಆ ತಾರೀಖು ಬರುವುದು ಆಯಾ ಊರಿನ ಕಂಪ್ಯೂಟರಿನ ಗಡಿಯಾರದಿಂದ. ಆ ಗಡಿಯಾರ ಸುಳ್ಳು ಹೇಳಬಹುದೆಂದು ನಾನು ಬಗೆಯಲಿಲ್ಲ.

ಅಫಜಲಪುರದ ಅಂಗಡಿ ನೋಡಿಕೊಳ್ಳುತ್ತಿದ್ದ ಗುಮಾಸ್ತರಿಗೆ ಅರವತ್ತರ ಹತ್ತಿರ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಬಿಳಿ ಟೋಪಿ, ಬಿಳಿ ಧೋತರ, ವಹಿಯಲ್ಲಿ ಸಾಲಾಗಿ ಪೋಣಿಸಿದ ಅಕ್ಷರ. ಆ ಅಕ್ಷರಕ್ಕಾಗಿ, ಅದಕ್ಕಿಂತ ಹೆಚ್ಚಾಗಿ ಅವರ ಪ್ರಾಮಾಣಿಕತೆಗಾಗಿ, ಊರಿನ ಮದುವೆಗಳಲ್ಲಿ ಆಯೇರಿ ಬರೆಯಲು ಅವರನ್ನೇ ಕರೆಯುತ್ತಿದ್ದರು. ಯಾರು ಏನು ಉಡುಗೊರೆ ತಂದರು ಎಂಬ ಪಟ್ಟಿಯನ್ನು ಅವರ ಕೈಗೆ ಕೊಟ್ಟು ಮನೆಯವರು ನಿಶ್ಚಿಂತರಾಗಿರುತ್ತಿದ್ದರು.

ಕಂಪ್ಯೂಟರ್ ಕಲಿಸಲು ಹೋದ ಮೊದಲ ದಿನವೇ ಅವರು ಕೇಳಿದ್ದು ಇದನ್ನು: "ಸಾಹೇಬ್ರ, ಚೀಟಿ ಮ್ಯಾಲ ತಾರೀಖು ತಾನೇ ಬೀಳ್ತದೋ, ನಾವು ಹಾಕಬೇಕೋ?"

"ತಾನೇ ಬೀಳ್ತದ ಕಾಕಾ."

"ಅಮಾಸಿ ದಿನಾನೂ?"

ನಾನು ನಕ್ಕೆ. ಅವರು ನಗಲಿಲ್ಲ. ವಿವರಿಸಿ ಹೇಳಿದರು. ಅಮಾವಾಸ್ಯೆಗೆ ಘತ್ತರಗಿಯ ಭಾಗಮ್ಮನ ದರ್ಶನಕ್ಕೆ ಸುತ್ತಲಿನ ಹಳ್ಳಿಯವರು ಬರುತ್ತಾರೆ. ಹೇಗೂ ಈ ಕಡೆ ಬಂದಿದ್ದೇವೆ ಎಂದು ದಾರಿಯಲ್ಲಿ ಅಂಗಡಿಗೆ ಹೊಕ್ಕು ಮದುವೆ ಸಾಮಾನು ಹೇಳಿ ಹೋಗುತ್ತಾರೆ. ಆದರೆ ಮದುವೆಯ ಚೀಟಿಯ ಮೇಲೆ ಅಮಾವಾಸ್ಯೆಯ ತಾರೀಖು ಬಿದ್ದರೆ ಒಲ್ಲೆನ್ನುತ್ತಾರೆ. ಅದಕ್ಕೆ ಕಾಕಾ ಮೊದಲಿನಿಂದಲೂ ಅವತ್ತಿನ ಚೀಟಿಗೆಲ್ಲ ಮರುದಿನದ, ಅಂದರೆ ಪಾಡ್ಯದ ತಾರೀಖು ಹಾಕುತ್ತ ಬಂದಿದ್ದರು. ವಹಿ ಇರುವಾಗ ಅದರಿಂದ ಯಾರಿಗೂ ಏನೂ ಆಗಿರಲಿಲ್ಲ.

"ಮಿಷಿನ್ದಾಗ ಹಂಗ ಆಗಲ್ಲೇನ್ರಿ?"

"ಯಾಕಾಗಲ್ಲ ಕಾಕಾ," ಎಂದು ಕಪ್ಪು ಪರದೆಯ ಮೇಲೆ ತಾರೀಖು ಬದಲಾಯಿಸುವ ಆಜ್ಞೆಯನ್ನು ತೋರಿಸಿದೆ. ಅವರು ಅದನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡು, ನಾಲ್ಕು ಸಲ ಮಾಡಿ ನೋಡಿ, ಮತ್ತೆ ಹಿಂದಕ್ಕೆ ತರುವುದನ್ನೂ ಕಲಿತರು. ನಾನು ಅವರ ಬೆನ್ನು ಚಪ್ಪರಿಸಿದೆ. ಎರಡು ವಾರದ ಹಿಂದೆ ನಾನೇ ಬರೆದ ನಿಯಮ ಆ ಹೊತ್ತಿನಲ್ಲಿ ತಲೆಗೆ ಬರಲೇ ಇಲ್ಲ. ಒಬ್ಬ ಹಿರಿಯರು ನನ್ನ ವಿದ್ಯೆಗೆ ಬೆರಗಾಗಿದ್ದರು, ನನಗೆ ಅಷ್ಟು ಸಾಕಾಗಿತ್ತು.

ಚೈತ್ರದ ಅಮಾವಾಸ್ಯೆಯ ದಿನ ಏನಾಯಿತೆಂಬುದನ್ನು ನಾನು ಆಮೇಲೆ ಜೋಡಿಸಿಕೊಂಡದ್ದು. ಓದುವವರ ಅನುಕೂಲಕ್ಕೆ ಇಲ್ಲೇ ಹೇಳುತ್ತೇನೆ. ಅವತ್ತು ಬೆಳಿಗ್ಗೆ ಕಾಕಾ ಕಂಪ್ಯೂಟರಿನ ತಾರೀಖನ್ನು ಒಂದು ದಿನ ಮುಂದೆ ಮಾಡಿದರು. ಹನ್ನೊಂದು ನಲವತ್ತಕ್ಕೆ ಹಿಂದೆಯೇ ಸೆಟ್ಟು ಹೇಳಿದ್ದ ಒಬ್ಬ ಗಿರಾಕಿ ಬಂದು, ಮದುವೆ ಮುಂದೆ ಹೋಯಿತು, ವೈಶಾಖದ ಆ ದಿನ ಬೇಡ ಎಂದ. ಕಾಕಾ ಆ ದಾಖಲೆಯನ್ನು ಖಾಲಿ ಮಾಡಿ, ಆಳಂದಕ್ಕೆ ಫೋನು ಹಚ್ಚಿ ಸುದ್ದಿ ಕೊಟ್ಟರು. ಸರಿಯಾದ ಕೆಲಸ. ಆಳಂದದಲ್ಲಿ ನಿಂಬರ್ಗಾದ ಒಬ್ಬರು ಅದೇ ದಿನದ ಸೆಟ್ಟಿಗಾಗಿ ಕಾದು ಕುಳಿತಿದ್ದರು, ಮಗಳ ಮದುವೆ. ಹನ್ನೆರಡೂವರೆಗೆ ಅವರ ಹೆಸರು ಬರೆದು ಚೀಟಿ ಕೊಟ್ಟರು. ಅದೂ ಸರಿ. ಮೂರು ಗಂಟೆಗೆ ಎರಡು ಯಂತ್ರಗಳು ಮಾತಾಡಿದವು. ಆಳಂದದ ದಾಖಲೆಯಲ್ಲಿ ಇವತ್ತಿನ ತಾರೀಖು, ನಿಂಬರ್ಗಾದವರ ಹೆಸರು. ಅಫಜಲಪುರದ್ದರಲ್ಲಿ ನಾಳೆಯ ತಾರೀಖು, ಖಾಲಿ. ಈಚಿನದೇ ನಿಜ ಎಂದು ನನ್ನ ಒಂದು ಸಾಲು ತೀರ್ಮಾನಿಸಿ ನಿಂಬರ್ಗಾದವರ ಹೆಸರನ್ನು ಅಳಿಸಿಹಾಕಿತು. ನಾಲ್ಕನೆಯ ದಿನ ಜೇವರ್ಗಿಯ ಅಂಗಡಿಯವನು ಖಾಲಿ ಇದೆಯೆಂದು ನೋಡಿ, ಆ ಕಡೆಯ ಒಂದು ಮದುವೆಗೆ ಅದೇ ಸೆಟ್ಟನ್ನು ಬರೆದ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಹತ್ತಕ್ಕೆ ನಿಂಬರ್ಗಾದ ಟ್ರ್ಯಾಕ್ಟರು ಗೋದಾಮಿನ ಮುಂದೆ ಬಂದು ನಿಂತಿತು. ಆರೂ ಸೆಟ್ಟು ಹೋಗಿಬಿಟ್ಟಿದ್ದವು. ಸಾವಕಾರರು ಓಡಾಡಿ ಅಲ್ಲಿಂದ ಇಲ್ಲಿಂದ ಒಂದಷ್ಟು ಪಾತ್ರೆ ಕೊಡಿಸಿದರು, ಪೆಂಡಾಲು ಎಲ್ಲೂ ಸಿಗಲಿಲ್ಲ. ವೈಶಾಖದ ಬಿಸಿಲು. ತೊಗರಿ ರಾಶಿಗೆ ಹಾಸುವ ತಾಡಪತ್ರಿ ಕಟ್ಟಿ ಊಟಕ್ಕೆ ಕೂಡಿಸಿದರಂತೆ. ಸಣ್ಣ ಪಾತ್ರೆಯಲ್ಲಿ ಕಂತುಕಂತಾಗಿ ಹುಗ್ಗಿ ಬೇಯುವಷ್ಟರಲ್ಲಿ ಬೀಗರ ಕಡೆಯವರು ಅರ್ಧಕ್ಕರ್ಧ ಉಣ್ಣದೆ ಎದ್ದರು. "ಹೆಣ್ಣು ಕೊಡವ್ರಿಗಿ ನೆರಳು ಕೊಡಾಕ ಆಗಿಲ್ಲ," ಎಂದು ಯಾರೋ ಅಂದರು. ಆ ಮಾತು ಮದುಮಗಳ ಜೊತೆ ಅತ್ತೆಯ ಮನೆಗೂ ಹೋಯಿತು.

ಮೂರು ದಿನ ಬಿಟ್ಟು ಸಾವಕಾರರು ಎಲ್ಲರನ್ನೂ ಆಳಂದದ ಅಂಗಡಿಗೆ ಕರೆಸಿದರು. ಮದುಮಗಳ ಅಪ್ಪ, ಅವರ ತಮ್ಮ, ಅಫಜಲಪುರದಿಂದ ಕಾಕಾ, ಗುಲಬರ್ಗಾದಿಂದ ನಾನು. ನೋಡಲು ಇನ್ನೂ ಹತ್ತಾರು ಜನ ಬಾಗಿಲಲ್ಲಿ ನಿಂತಿದ್ದರು. ಮದುಮಗಳ ಅಪ್ಪ ಚೀಟಿಯನ್ನು ಗಲ್ಲೆಯ ಮೇಲಿಟ್ಟು, "ಚೀಟಿ ಅದ, ಸಾಮಾನಿಲ್ಲ. ಇದ್ಯಾವ ನ್ಯಾಯ್ರಿ ಸಾವಕಾರ್ರ?" ಎಂದರು.

ನಾನು ಆ ದಾಖಲೆಯ ಇತಿಹಾಸವನ್ನು ಕಾಗದದ ಮೇಲೆ ತೆಗೆದೆ. ಎಲ್ಲರಿಗೂ ಕೇಳುವಂತೆ ಓದಿದೆ. ಅಮಾವಾಸ್ಯೆಯ ದಿನ ಹನ್ನೆರಡೂವರೆ, ಆಳಂದದಿಂದ ನಿಂಬರ್ಗಾದವರಿಗೆ. ಮರುದಿನ ಹನ್ನೊಂದು ನಲವತ್ತು, ಅಫಜಲಪುರದಿಂದ ಖಾಲಿ. ನಾಲ್ಕನೆಯ ದಿನ, ಜೇವರ್ಗಿಯವರಿಗೆ. ಓದುವಾಗ ನನ್ನ ಮನಸ್ಸಿನಲ್ಲಿ ಕಳ್ಳತನ ಇರಲಿಲ್ಲ. ಕಾಗದ ಹೇಳಿದ್ದನ್ನು ನಾನೂ ನಂಬಿದ್ದೆ.

ಕಾಕಾ ಕಾಗದ ತೆಗೆದುಕೊಂಡು ಕನ್ನಡಕ ಏರಿಸಿ ಮೂರು ಸಲ ಓದಿದರು. "ನಾ ಖಾಲಿ ಮಾಡಿದ್ದು ಖರೇ ಅದ್ರಿ. ಆದ್ರ ಅಮಾಸಿ ದಿನ ಮಾಡೀನಿ, ಅದೂ ಹಳೇ ಗಿರಾಕಿದು. ಪಾಡ್ಯಕ್ಕ ನಾ ಅಂಗಡಿ ತೆಗದೇ ಇಲ್ಲ. ಹಲ್ಲು ಕೀಳಿಸಾಕ ಗುಲಬರ್ಗಾಕ್ಕ ಹೋಗಿದ್ದೆ."

"ಅಂಗಡಿ ಮುಚ್ಚಿತ್ತಂದ್ರ ಮಿಷಿನ್ ತೆಗದವ್ರು ಯಾರು?" ಎಂದ ಅಪ್ಪನ ತಮ್ಮ. "ಮುಚ್ಚಿದ ಅಂಗಡ್ಯಾಗ ಕುಂತು ಮಾಡೂ ಕೆಲಸ ಯಾವುದು? ಸೆಟ್ಟು ಸಿಕ್ಕ ಜೇವರ್ಗಿಯವ್ರು ನಿಮ್ಮ ಅಳಿಯನ ಊರಿನವ್ರು ಹೌದಲ್ಲೋ?"

ಅದು ನಿಜವಾಗಿತ್ತು, ಬರೀ ಕಾಕತಾಳೀಯ. ಬಾಗಿಲಲ್ಲಿದ್ದವರು ಗುಸುಗುಸು ಶುರುಮಾಡಿದರು.

ನನಗೇಕೋ ಹಲ್ಲಿನ ಮಾತು ತಟ್ಟಿತು. ಇಂಥ ಸುಳ್ಳನ್ನು ಯಾರೂ ಕಟ್ಟುವುದಿಲ್ಲ. ಪರದೆಯ ಮೇಲೆ ಇನ್ನೊಂದು ಪಟ್ಟಿ ತೆರೆದೆ, ಆಳಂದದ ಯಂತ್ರಕ್ಕೆ ಯಾವ ದಾಖಲೆ ಯಾವಾಗ ಬಂದು ಮುಟ್ಟಿತು ಎಂಬುದು ಅದರಲ್ಲಿತ್ತು. ಅಫಜಲಪುರದ ಆ ದಾಖಲೆ ಬಂದು ಮುಟ್ಟಿದ್ದು ಅಮಾವಾಸ್ಯೆಯ ಮಧ್ಯಾಹ್ನ ಮೂರು ಹತ್ತಕ್ಕೆ. ಅದರೊಳಗಿದ್ದ ತಾರೀಖು ಮರುದಿನದ್ದು. ಇನ್ನೂ ಹುಟ್ಟದ ದಿನದಲ್ಲಿ ಬರೆದ ದಾಖಲೆ. ನೋಡಿದ ಕ್ಷಣವೇ ಎಲ್ಲ ತಿಳಿಯಿತು, ಪುಟ್ಟ ಪುಸ್ತಕದಲ್ಲಿ ಅವರು ಬರೆದುಕೊಂಡ ಆಜ್ಞೆಯ ತನಕ. ಪರದೆ ನನ್ನ ಕಡೆ ತಿರುಗಿತ್ತು, ಬೇರೆ ಯಾರಿಗೂ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಕಾಕಾ ನನ್ನ ಕಡೆ ತಿರುಗಿದರು. "ಸಾಹೇಬ್ರ, ನಾ ಅವತ್ತು ತಾರೀಖು ಮುಂದ ಮಾಡಿದ್ದೆ, ನೀವು ಹೇಳಿಕೊಟ್ಟಂಗ. ಅದರಿಂದ ಏನರೆ ಹಿಂಗ ಆಗ್ಯಾದೇನ್ರಿ?"

ಅವರು ಆರೋಪ ಹೊರಿಸುತ್ತಿರಲಿಲ್ಲ, ಕೇಳುತ್ತಿದ್ದರು, ವಿದ್ಯಾರ್ಥಿ ಮೇಷ್ಟರನ್ನು ಕೇಳುವ ಹಾಗೆ. ಸಾವಕಾರರೂ ನನ್ನ ಮುಖ ನೋಡಿದರು. ಅವರ ಬೀಗರದು ಗುಲಬರ್ಗಾದಲ್ಲಿ ದೊಡ್ಡ ಬೇಳೆ ಮಿಲ್ಲು, ಅಲ್ಲಿಯ ಕೆಲಸ ನನಗೇ ಎಂದು ಮಾತಾಗಿತ್ತು. ಅದೆಲ್ಲ ಕಣ್ಣ ಮುಂದೆ ಬಂತು ಎಂದರೆ ಅರ್ಧ ಸುಳ್ಳು. ಬಾಗಿಲಲ್ಲಿ ನಿಂತ ಜನರ ಮುಂದೆ ತಪ್ಪು ನನ್ನದು ಎನ್ನುವುದಕ್ಕೆ ನಾಲಗೆ ಹೊರಳಲಿಲ್ಲ, ಅಷ್ಟೇ.

"ಇಲ್ಲ ಕಾಕಾ," ಎಂದೆ. "ಅದು ಬರೇ ಚೀಟಿ ಮ್ಯಾಲಿನ ತಾರೀಖು. ಒಳಗಿನ ದಾಖಲೆಗೂ ಅದಕ್ಕೂ ಸಂಬಂಧ ಇಲ್ಲ. ಮಿಷಿನ್ ಸುಳ್ಳು ಹೇಳಲ್ಲ."

ಹೀಗೆಂದು ಪರದೆಯ ಮೇಲಿದ್ದ ಪಟ್ಟಿಯನ್ನು ಮುಚ್ಚಿದೆ. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರೆ. ಕೋತಿಗೆ ಆಗ ಏನೂ ಅನ್ನಿಸಿರಲಿಕ್ಕಿಲ್ಲ. ನನಗೆ ಅನ್ನಿಸಿತು, ಆದರೂ ಒರೆಸಿದೆ.

ನನ್ನ ಮಾತನ್ನು ಕಾಕಾನೂ ನಂಬಿದರು ಎಂದು ತೋರುತ್ತದೆ, ತಾವೇ ಎಲ್ಲೋ ಮರೆತಿರಬಹುದೇ ಎಂದು ನೆಲ ನೋಡುತ್ತ ನಿಂತಿದ್ದರು. ಸಾವಕಾರರು "ಕೀಲಿ ಇಟ್ಟು ಹೋಗ್ರಿ ಕಾಕಾ" ಎಂದಾಗ ಅಂಗಿಯ ಕಿಸೆಯಿಂದ ಅಂಗಡಿಯ ಕೀಲಿ ತೆಗೆದು ಗಲ್ಲೆಯ ಮೇಲಿಟ್ಟರು. ಮದುಮಗಳ ಅಪ್ಪ ಆ ಕಾಗದ ತನಗಿರಲಿ ಎಂದು ಕೇಳಿ, ಮಡಿಸಿ ಇಟ್ಟುಕೊಂಡರು.

ನಾನು ಗುಲಬರ್ಗಾಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಹತ್ತು ದಿನ ಕೆಲಸ ಮಾಡಿದೆ. ಮೊದಲೇ ಮಾಡಬೇಕಿದ್ದ ಹತ್ತು ದಿನ. ತಾರೀಖಿನ ನಿಯಮ ಕಿತ್ತು ಸರಣಿ ಸಂಖ್ಯೆ ತಂದೆ. ದೂರದ ಊರಿನವರು ದಾಖಲೆ ಬದಲಾಯಿಸಿದರೆ, ಅವರು ನೋಡಿದ ಸಂಖ್ಯೆಯೂ ಜೊತೆಗೆ ಬರುವಂತೆ ಮಾಡಿದೆ. ಅಷ್ಟರಲ್ಲಿ ಆಳಂದದಲ್ಲಿ ಸಂಖ್ಯೆ ಮುಂದೆ ಹೋಗಿದ್ದರೆ ಯಂತ್ರ ಏನನ್ನೂ ಅಳಿಸದೆ, ಎರಡನ್ನೂ ಒಂದು ತಕರಾರು ಪಟ್ಟಿಗೆ ಹಾಕಿ ಗಂಟೆ ಬಾರಿಸುತ್ತಿತ್ತು. ಸಾವಕಾರರೇ ನೋಡಿ ಒಂದನ್ನು ಆರಿಸಬೇಕು. ಅವರಿಗೆ ಮಾತ್ರ "ಸಣ್ಣ ಸುಧಾರಣೆ ಮಾಡೇನ್ರಿ" ಎಂದು ಹೇಳಿ ಮೂರೂ ಕಡೆ ಹಾಕಿಬಂದೆ.

ಮುಂದಿನ ಅಮಾವಾಸ್ಯೆಗೆ ನಾನು ಬೇಕೆಂದೇ ಅಫಜಲಪುರಕ್ಕೆ ಹೋದೆ. ಕಾಕಾನ ಜಾಗದಲ್ಲಿ ಕೂತಿದ್ದ ಹೊಸ ಗುಮಾಸ್ತನೂ ತಾರೀಖು ಮುಂದೆ ಮಾಡಿಯೇ ಚೀಟಿ ಹರಿಯುತ್ತಿದ್ದ. ಆಜ್ಞೆ ಎಲ್ಲಿ ಕಲಿತೆ ಎಂದು ಕೇಳಿದರೆ, "ಕಾಕಾ ಪುಸ್ತಕ ಬಿಟ್ಟು ಹೋಗ್ಯಾರ್ರಿ," ಎಂದ. ಮೂರಕ್ಕೆ ಮೊಡೆಮ್ ಕೂಗಿತು, ಎಲ್ಲ ದಾಖಲೆ ಸರಿಯಾಗಿ ಹೋದವು, ಒಂದೂ ಅಳಿಯಲಿಲ್ಲ. ಪ್ರೋಗ್ರಾಂ ಗೆದ್ದಿತ್ತು. ನಾನು ಸಂತೋಷಪಡಬೇಕಿತ್ತು.

"ಕಾಕಾ ಹ್ಯಾಂಗದಾರ?" ಎಂದು ಕೇಳಿದೆ.

"ಹೊರಗ ಬರೂದು ಕಮ್ಮಿ ಮಾಡ್ಯಾರ್ರಿ. ಮೊನ್ನಿ ನಮ್ಮ ಓಣ್ಯಾಗ ಮದವಿ ಇತ್ತು. ಆಯೇರಿ ಬರಿಯಾಕ ಬ್ಯಾರೇದವ್ರನ ಕರಸಿದ್ರು."

ಅವರ ಬಾಯಿಗೆ ನಾನು ಒರೆಸಿದ್ದು ಏನೆಂದು ಅವತ್ತು ಪೂರ್ತಿ ತಿಳಿಯಿತು. ನೌಕರಿಯಷ್ಟೇ ಹೋಗಿದ್ದರೆ ಇನ್ನೊಂದು ಸಿಗುತ್ತಿತ್ತು.

ಆ ವಾರವೇ ಸಾವಕಾರರು ನನ್ನನ್ನು ತಮ್ಮ ಮಿಲ್ಲಿನ ಬೀಗರ ಮುಂದೆ ಕೂಡಿಸಿ, "ಆ ಮುದುಕ ಹೋದ ಮ್ಯಾಲ ಒಂದೂ ತಪ್ಪಿಲ್ಲ ನೋಡ್ರಿ. ಇವ್ರ ಪ್ರೋಗ್ರಾಂ ಅಂದ್ರ ಪ್ರೋಗ್ರಾಂ," ಎಂದು ಹೊಗಳಿದರು. ಬೀಗರು ತಲೆಯಾಡಿಸಿದರು. ನಾನು ಚಹಾದ ಬಸಿ ಕೆಳಗಿಟ್ಟೆ. ಬೀಗರು ಎದ್ದು ಹೋಗುವ ತನಕ ಕಾದು, ಸಾವಕಾರರಿಗೆ ಎಲ್ಲವನ್ನೂ ಹೇಳಿದೆ. ಬೀಗರ ಎದುರಿಗೇ ಹೇಳಲಿಲ್ಲ ಎಂಬುದನ್ನೂ ಇಲ್ಲಿ ಬರೆದಿಡಬೇಕು.

ಸಾವಕಾರರು ಬೈಯಲಿಲ್ಲ. ಮೀಸೆ ತಿರುವುತ್ತ, "ಈಗ ಬರೋಬ್ಬರಿ ಅದನೋ ಇಲ್ಲೋ?" ಎಂದು ಕೇಳಿದರು.

"ಅದ್ರಿ."

"ಹಂಗಾದ್ರ ಬಿಡ್ರಿ. ಈಗ ಕೆದರಿದ್ರ ನಿಂಬರ್ಗಾದವ್ರು ನನ್ನ ಬಾಗಲಿಗಿ ಬರ್ತಾರ. ಹಂಗಾಮು ಮುಗೀಲಿ, ಕಾಕಾಗ ಮತ್ತ ಕರಸೋಣು, ಸುಮ್ಮನ."

ಆ ಮಾತು ಕೇಳಿ ನನಗೆ ಹಗುರವಾಯಿತು. ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ನಾಚಿಕೆ ತರುವುದು ಆ ಹಗುರವೇ. ಹೇಳಿದ್ದೂ ಆಯಿತು, ಕಳೆದುಕೊಂಡದ್ದೂ ಏನಿಲ್ಲ. ಒಂದು ವಾರ ಆ ಸಮಾಧಾನದಲ್ಲೇ ಉಂಡು ಮಲಗಿದೆ. ಎಂಟನೆಯ ದಿನ ಅನ್ನ ಬಾಯಿಗೆ ಹೋಗಲಿಲ್ಲ. ಅಫಜಲಪುರದ ಬಸ್ಸು ಹತ್ತಿದೆ.

ಕಾಕಾ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ಕಂಡು ಎದ್ದು, "ಬರ್ರಿ ಸಾಹೇಬ್ರ, ಕುಂದರ್ರಿ," ಎಂದು ಒಳಗಿನವರಿಗೆ ನೀರು ತರಲು ಹೇಳಿದರು. ನೀರು ಬರುವ ಮೊದಲೇ ಹೇಳಿಬಿಟ್ಟೆ. ತಾರೀಖಿನ ನಿಯಮ, ಮೂರು ಗಂಟೆಯ ಫೋನು, ನಾನು ಪರದೆಯಲ್ಲಿ ಕಂಡದ್ದು, ಕಂಡೂ ಮುಚ್ಚಿದ್ದು. ಅವರು ಜೋಳದಲ್ಲಿ ಬೆರಳಾಡಿಸುತ್ತಲೇ ಕೇಳಿದರು. ಕೊನೆಯ ಮಾತಿಗೆ ಬೆರಳು ನಿಂತವು.

"ಅಂದ್ರ ನೀವು ಅಲ್ಲೇ ನೋಡಿದ್ರಿ?"

"ಹೌದು ಕಾಕಾ. ಅಲ್ಲೇ ನೋಡಿದೆ."

"ನಾ ಇಷ್ಟು ದಿನ ನನಗ ಅರಳು ಮರಳು ಆಗ್ಯಾದಂತ ತಿಳಕೊಂಡಿದ್ದೆ," ಎಂದರು. "ಮುಚ್ಚಿದ ಅಂಗಡಿಗಿ ನಾನೇ ಹೋಗಿ, ನಾನೇ ಒತ್ತಿ, ನಾನೇ ಮರತೇನೋ ಅಂತ. ಮನ್ಯಾಗ ಕೇಳೇನಿ, ನಾ ಪಾಡ್ಯದ ದಿನ ಖರೇನೆ ಗುಲಬರ್ಗಾಕ್ಕ ಹೋಗಿದ್ದೇನು ಅಂತ."

ನಾನು ಅವರ ಕಾಲು ಮುಟ್ಟಲು ಬಾಗಿದೆ, ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಸಾವಕಾರರು ಮತ್ತೆ ಕರೆಯುತ್ತಾರೆ ಎಂದೆ.

"ನೌಕರಿ ಬ್ಯಾಡ್ರಿ. ಆ ಕಾಗದ ನಿಂಬರ್ಗಾದಾಗ ಅದ. ಅದನ್ನ ಕಂಡಕಂಡವ್ರಿಗಿ ತೋರಸಾಕತ್ತಾರ. ಅದು ಸುಳ್ಳಂತ ಅವ್ರ ಮುಂದ ನೀವು ಹೇಳಿ ಬರ್ರಿ. ಅಷ್ಟ ಮಾಡ್ರಿ."

ಮರುದಿನ ನಿಂಬರ್ಗಾಕ್ಕೆ ಹೋದೆ. ಮದುಮಗಳ ಅಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ನಾಲ್ಕು ಜನರೊಂದಿಗೆ ಕೂತಿದ್ದರು. ನಾಲ್ಕು ಜನ ಇರುವುದೇ ಒಳ್ಳೆಯದು ಎಂದುಕೊಂಡು ಅಲ್ಲೇ ಶುರುಮಾಡಿದೆ. ತಪ್ಪು ನನ್ನ ಪ್ರೋಗ್ರಾಂದು, ಕಾಕಾ ಯಾರಿಗೂ ಸೆಟ್ಟು ಬಿಟ್ಟುಕೊಟ್ಟಿಲ್ಲ, ಕಾಗದದಲ್ಲಿ ಇರುವ ತಾರೀಖೇ ಸುಳ್ಳು. ನನ್ನ ಕೈಗಡಿಯಾರ ಬಿಚ್ಚಿ ಮುಳ್ಳು ತಿರುಗಿಸಿ ತೋರಿಸಿದೆ. ಕಲಿಸುವುದು ನನ್ನ ಕಸುಬು, ಆದರೂ ಅವತ್ತು ಕಲಿಸಿದಷ್ಟು ಕೆಟ್ಟದಾಗಿ ಎಂದೂ ಕಲಿಸಿಲ್ಲ. ಮಾತು ಮಾತಿಗೂ ತೊದಲಿದೆ.

ಅವರು ಪೂರ್ತಿ ಕೇಳಿ, ಒಳಗೆ ಹೋಗಿ ಕಾಗದ ತಂದರು. ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟಿದ್ದರು.

"ಇದು ನಿಮ್ಮ ಮಿಷಿನ್ ಕಾಗದ ಹೌದಲ್ರಿ?"

"ಹೌದ್ರಿ."

"ಅವತ್ತು ಎಲ್ಲಾರ ಮುಂದ ಓದಿದವ್ರು ನೀವೇ?"

"ನಾನೇ."

"ಮಿಷಿನ್ ಸುಳ್ಳು ಹೇಳಲ್ಲ ಅಂದವ್ರು?"

"ನಾನೇ ಅಂದಿದ್ದೆ."

"ಮತ್ತ ಈಗ," ಎಂದು ಕಾಗದವನ್ನು ಚೀಲಕ್ಕೆ ಮತ್ತೆ ತೂರಿಸುತ್ತ ಕೇಳಿದರು, "ಆ ಮುದುಕ ಏನ್ ಕೊಟ್ಟು ಕಳಸ್ಯಾನ್ರಿ ನಿಮಗ?"

ಕಟ್ಟೆಯ ಮೇಲಿದ್ದವರು ನಕ್ಕರು. ನಾನು ಆಣೆ ಮಾಡಿದೆ, ಇನ್ನೂ ನಕ್ಕರು. ಕಾಗದವನ್ನಾದರೂ ಕೊಡಿ ಎಂದು ಬೇಡಿಕೊಂಡೆ, ಕೊಡಲಿಲ್ಲ. ಊರ ಬಸ್ ನಿಲ್ದಾಣದ ತನಕ ಒಬ್ಬ ನನ್ನ ಹಿಂದೆಯೇ ಬಂದು, ಮುದುಕ ಬಲು ಚಾಲಾಕಿ ಎಂದು ಹೇಳಿ ಹೋದ.

ಅಫಜಲಪುರಕ್ಕೆ ಮತ್ತೆ ಹೋಗದೆ ಇರಬಹುದಿತ್ತು. ಬಸ್ಸಿನಲ್ಲಿ ಕೂತು, ಅವರು ನಂಬಿದರು ಎಂದು ಹೇಳಿಬಿಡಲೇ ಎಂದೂ ಯೋಚಿಸಿದೆ. ಅಷ್ಟು ಚೆನ್ನಾಗಿ ಅಭ್ಯಾಸವಾಗಿತ್ತು ನನಗೆ. ಆದರೆ ಪಡಸಾಲೆಯಲ್ಲಿ ಕಾಕಾನ ಮುಖ ಕಂಡ ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಏನು ಕೊಟ್ಟು ಕಳಿಸಿದ್ದಾನೆ ಎಂದು ಕೇಳಿದ್ದನ್ನೂ, ಕಾಗದ ಕೊಡಲಿಲ್ಲ ಎಂಬುದನ್ನೂ.

ಕಾಕಾ ಬೇಸರವಿಲ್ಲದ ದನಿಯಲ್ಲಿ, ನನಗೇ ಸಮಾಧಾನ ಹೇಳುವವರ ಹಾಗೆ ಹೇಳಿದರು:

"ಯಾಕ ಕೊಡ್ತಾರ್ರಿ? ಮಗಳ ಮದವಿ ಕೆಟ್ಟದ. ಅವ್ರಿಗಿ ಒಬ್ಬ ಕಳ್ಳ ಬೇಕು. ನಿಮಗೂ ಅವತ್ತು ಬೇಕಾಗಿದ್ದನಲ್ರಿ, ಹಂಗ."